ಎಸಿ ಚಾಲೂ ಆಗ್ತಿಲ್ವಾ? ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುಂಚೆ ಇದನ್ನು ನೋಡಿ

ಹೋದ ಬೇಸಿಗೆಯಲ್ಲಿ ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ನಮ್ಮ ಕಾಕಾ ಫೋನ್ ಮಾಡಿದರು.

"ಎಸಿ ಚಾಲೂ ಆಗವಲ್ದು ನೋಡಪಾ. ರಿಮೋಟ್ ಒತ್ತಿ ಒತ್ತಿ ಸಾಕಾತು."

"ಕರೆಂಟ್ ಐತೇನ್ರಿ ಕಾಕಾ?"

"ಐತಲ್ಲ! ಲೈಟ್ ಹತ್ಯಾವ, ಫ್ಯಾನ್ ತಿರುಗಾಕತ್ತೈತಿ."

"ಒಮ್ಮೆ ಫ್ರಿಜ್ ಬಾಗಿಲಾ ತೆಗೆದು ನೋಡ್ರಿ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಅಯ್ಯ, ಒಳಗ ಕತ್ತಲಿ ಐತಲ್ಲೋ" ಅಂದರು.

ಕರೆಂಟು ಹೋಗಿ ಆಗಲೇ ಒಂದು ಗಂಟೆಯಾಗಿತ್ತು. ಲೈಟು, ಫ್ಯಾನು ನಡೆಯುತ್ತಿದ್ದದ್ದು ಬ್ಯಾಟರಿ ಇನ್ವರ್ಟರ್ ಮೇಲೆ. ಅವರ ಎಸಿ ಕೂಡ 'ಇನ್ವರ್ಟರ್ ಎಸಿ' ಆಗಿದ್ದರಿಂದ ಕರೆಂಟು ಹೋದರೂ ಅದು ನಡೆಯುತ್ತದೆ ಅಂತಲೇ ಕಾಕಾ ತಿಳಿದುಕೊಂಡಿದ್ದರು. ಈ ತಪ್ಪು ತಿಳಿವಳಿಕೆ ಬಹಳ ಜನರಿಗಿದೆ, ಆ ಹೆಸರೇ ಹಾಗಿದೆ. ಇನ್ವರ್ಟರ್ ಎಸಿ ಅಂದರೆ ಕಂಪ್ರೆಸರ್‌ನ (ಗ್ಯಾಸನ್ನು ಒತ್ತಿ ಸುತ್ತಿಸುವ ಯಂತ್ರದ) ವೇಗವನ್ನು ಬೇಕಾದ ಹಾಗೆ ಹೆಚ್ಚು ಕಡಿಮೆ ಮಾಡಿಕೊಳ್ಳುವ ಎಸಿ, ಅಷ್ಟೇ. ಮೂಲೆಯಲ್ಲಿ ಬ್ಯಾಟರಿ ಇಟ್ಟುಕೊಂಡು ಕೂತಿರುವ ಇನ್ವರ್ಟರ್‌ಗೂ ಇದಕ್ಕೂ ಸಂಬಂಧವಿಲ್ಲ.

ನಮ್ಮದು ರಾಯಚೂರು. ಪಕ್ಕದ ಶಕ್ತಿನಗರದಲ್ಲಿ 1720 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಕೇಂದ್ರ ಇದೆ. ಅದು ನಮ್ಮ ಓಣಿಯ ಟ್ರಾನ್ಸ್‌ಫಾರ್ಮರ್‌ಗೆ ಮಾತ್ರ ಇನ್ನೂ ಗೊತ್ತಾದಂತಿಲ್ಲ. ಮೇ ತಿಂಗಳಲ್ಲಿ ಎಸಿ ಕೈಕೊಟ್ಟರೆ ಇಲ್ಲಿ ಮೆಕ್ಯಾನಿಕ್ ಸಿಗುವುದೂ ಕಷ್ಟ. ಎರಡು ಮೂರು ದಿನ ಕಾಯಬೇಕು. ಹಾಗಾಗಿ ನಾನೇ ಏನೇನು ನೋಡಬಹುದು, ಎಲ್ಲಿ ಕೈ ಹಿಂದಕ್ಕೆ ತೆಗೆಯಬೇಕು ಅಂತ ವರ್ಷಗಳಲ್ಲಿ ಕಲಿತುಕೊಂಡೆ. ನನ್ನ ಅನುಭವದಲ್ಲಿ ಚಾಲೂ ಆಗದ ಎಸಿಯಲ್ಲಿ ಎಸಿಯದೇ ತಪ್ಪು ಇರುವುದು ಕಡಿಮೆ. ಮೀಟರ್‌ನಿಂದ ಎಸಿಯವರೆಗೆ ಕರೆಂಟು ಬರುವ ದಾರಿಯಲ್ಲೇ ಎಲ್ಲೋ ಅಡ್ಡಿ ಇರುತ್ತದೆ. ಅದೇ ದಾರಿ ಹಿಡಿದು ನೋಡುತ್ತಾ ಬಂದರೆ ಸಾಕು.

ಕೆಲಸಕ್ಕೆ ಇಳಿಯುವ ಮುಂಚೆ ಒಂದು ಮಾತು. ಸುಟ್ಟ ವಾಸನೆ ಬಂದರೆ, ಹೊಗೆ ಕಂಡರೆ, ಎಸಿಯನ್ನೋ ಸ್ಟೆಬಿಲೈಸರನ್ನೋ ಮುಟ್ಟಿದಾಗ ಜುಮ್ಮೆಂದರೆ ಪರೀಕ್ಷೆ ಬೇಡ. ಎಂಸಿಬಿ (ಕರೆಂಟು ಜಾಸ್ತಿಯಾದರೆ ತಾನೇ ಬೀಳುವ, ಬೋರ್ಡಿನಲ್ಲಿರುವ ಸ್ವಿಚ್ಚು) ಇಳಿಸಿ, ಎಲೆಕ್ಟ್ರಿಷಿಯನ್‌ನ ಕರೆಸಿ.

ಯಾವ ಥರ ಬಂದ್ ಆಗಿದೆ?

"ಎಸಿ ಆನ್ ಆಗ್ತಿಲ್ಲ" ಅನ್ನುವ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ಕಾಯಿಲೆಗಳಿವೆ. ಲೈಟೂ ಇಲ್ಲ, ಬೀಪ್ ಸದ್ದೂ ಇಲ್ಲ, ಪೂರ್ತಿ ಸತ್ತಂತಿದ್ದರೆ ಕರೆಂಟೇ ತಲುಪುತ್ತಿಲ್ಲ ಅಂತ ಮೊದಲ ಅನುಮಾನ. ಲೈಟ್ ಉರಿಯುತ್ತಿದ್ದು ರಿಮೋಟ್‌ಗೆ ಮಾತ್ರ ಓಗೊಡದಿದ್ದರೆ ರಿಮೋಟ್ ನೋಡಬೇಕು. ಒಳಗಿನ ಯೂನಿಟ್‌ನಿಂದ ಗಾಳಿ ಬಂದು ತಂಪು ಬರದಿದ್ದರೆ ಹೊರಗಿನ ಯೂನಿಟ್ ಎದ್ದಿರಲಿಕ್ಕಿಲ್ಲ. ಆನ್ ಮಾಡಿದ ಕೂಡಲೇ ಎಂಸಿಬಿ ಬೀಳುತ್ತಿದ್ದರೆ ಅದು ನಾಲ್ಕನೆಯದು, ಅದರಲ್ಲಿ ಆಟ ಆಡಬಾರದು.

ಡಿಸ್‌ಪ್ಲೇ ಮೇಲೆ ಇ1, ಎಫ್3 ಅಂತ ಏನಾದರೂ ಬಂದಿದ್ದರೆ, ಇಲ್ಲವೇ ಲೈಟು ಮಿಣುಕುತ್ತಿದ್ದರೆ, ಯಾವ ಸ್ವಿಚ್ಚನ್ನೂ ಮುಟ್ಟುವ ಮುಂಚೆ ಅದನ್ನು ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಳ್ಳಿ. ನಾವೆಲ್ಲ ಮೊದಲು ಮಾಡುವ ಕೆಲಸ ಆಫ್ ಮಾಡಿ ಆನ್ ಮಾಡುವುದು. ಆಗ ಆ ಗುರುತು ಅಳಿಸಿಹೋಗಬಹುದು. ಲೈಟು ಎಷ್ಟು ಸಲ ಮಿಣುಕಿತು ಅನ್ನುವುದಕ್ಕೂ ಅರ್ಥವಿದೆ. ಒಂದೇ ಕೋಡ್‌ಗೆ ಒಂದೊಂದು ಕಂಪನಿಯಲ್ಲಿ ಒಂದೊಂದು ಅರ್ಥ. ಅದಕ್ಕೇ ನಿಮ್ಮ ಮಾಡೆಲ್‌ನ ಪುಸ್ತಕದಲ್ಲೇ ನೋಡಬೇಕು.

ಮೀಟರ್‌ನಿಂದ ಪ್ಲಗ್‌ವರೆಗೆ

ಫ್ರಿಜ್ ನಡೆಯುತ್ತಿದೆ, ಕರೆಂಟು ಇರುವುದು ಖಾತ್ರಿಯಾಯಿತು ಅಂದುಕೊಳ್ಳಿ. ಆದರೂ ಎಸಿಗೆ ಕರೆಂಟು ಬಾರದೇ ಇರಬಹುದು. ಮನೆಗೆ ಮೂರು ಫೇಸ್ (ಕರೆಂಟು ತರುವ ಮೂರು ಬೇರೆ ಬೇರೆ ಲೈನು) ಇದ್ದರೆ ಫ್ರಿಜ್ ಒಂದು ಫೇಸ್ ಮೇಲೆ, ಎಸಿ ಇನ್ನೊಂದರ ಮೇಲೆ ಇರಬಹುದು. ಬೇಸಿಗೆಯಲ್ಲಿ ಒಂದು ಫೇಸ್ ಮಾತ್ರ ಹೋಗುವುದು ನಮ್ಮಲ್ಲಿ ಮಾಮೂಲು. ಮೀಟರ್ ಅಥವಾ ಮೇನ್ ಬೋರ್ಡ್ ಹತ್ತಿರ ಮೂರು ಬಣ್ಣದ ಪುಟ್ಟ ದೀಪಗಳಿದ್ದರೆ ಮೂರೂ ಹತ್ತಿವೆಯೇ ನೋಡಿ. ಒಂದು ಆರಿದ್ದರೆ ಕರೆಂಟಿನ ದೂರಿನ ನಂಬರು 1912ಕ್ಕೆ ಫೋನ್ ಮಾಡಿ. ಪಕ್ಕದ ಮನೆಯವರನ್ನೂ ಒಂದು ಮಾತು ಕೇಳಿ, ಅವರಿಗೂ ಅದೇ ತೊಂದರೆ ಇದ್ದರೆ ಗೊತ್ತಾಗುತ್ತದೆ.

ಇದರ ಜೊತೆ ಒಂದು ಅಪಾಯದ ಗುರುತೂ ತಿಳಿದಿರಲಿ. ಒಂದು ಕೋಣೆಯ ಬಲ್ಬು ಮಂಕಾಗಿ, ಇನ್ನೊಂದರದು ಕಣ್ಣು ಕುಕ್ಕುವ ಹಾಗೆ ಉರಿಯುತ್ತಿದ್ದರೆ ನ್ಯೂಟ್ರಲ್ (ಕರೆಂಟು ವಾಪಸ್ ಹೋಗುವ ವೈರ್) ಸಡಿಲವಾಗಿದೆ ಅಥವಾ ಕಿತ್ತುಹೋಗಿದೆ. ಆಗ 230 ವೋಲ್ಟ್ ಇರಬೇಕಾದ ಕಡೆ ಅದಕ್ಕಿಂತ ತೀರಾ ಜಾಸ್ತಿ ಬರುತ್ತದೆ. ಎಸಿಯ ಬೋರ್ಡು, ಟಿವಿ, ಫ್ರಿಜ್ ಎಲ್ಲ ಒಟ್ಟಿಗೇ ಸುಡಬಹುದು. ಯೋಚನೆ ಮಾಡುತ್ತಾ ನಿಲ್ಲದೆ ಮೇನ್ ಇಳಿಸಿ.

ಮುಂದಿನದು ಎಂಸಿಬಿ. ಬಿದ್ದ ಎಂಸಿಬಿ ಯಾವಾಗಲೂ ಪೂರ್ತಿ ಕೆಳಗೇ ಇರುತ್ತದೆ ಅಂತಿಲ್ಲ. ಕೆಲವು ಅರ್ಧಕ್ಕೆ ನಿಂತಿರುತ್ತವೆ, ದೂರದಿಂದ ಆನ್ ಇದ್ದಂತೆಯೇ ಕಾಣುತ್ತವೆ. ಮೊದಲು ಪೂರ್ತಿ ಕೆಳಗೆ ಒತ್ತಿ, ಆಮೇಲೆ ಮೇಲಕ್ಕೆ ಎತ್ತಿ. ಒಂದೇ ಸಲ ನೋಡಿ. ಮತ್ತೆ ಬಿದ್ದರೆ ಬಿಟ್ಟುಬಿಡಿ. ಆದರೆ ಯಾವಾಗ ಬಿತ್ತು ಅನ್ನುವುದನ್ನು ನೆನಪಿಡಿ, ಮೆಕ್ಯಾನಿಕ್‌ಗೆ ಅದೇ ಅರ್ಧ ಉತ್ತರ. ಎತ್ತಿದ ಕ್ಷಣವೇ ಟಪ್ ಅಂತ ಬಿದ್ದರೆ ಎಲ್ಲೋ ಶಾರ್ಟ್ ಆಗಿದೆ. ಒಳಗಿನ ಗಾಳಿ ಶುರುವಾಗಿ, ಹೊರಗಿನ ಯೂನಿಟ್ ಏಳುವ ಹೊತ್ತಿಗೆ ಬಿದ್ದರೆ ಕಂಪ್ರೆಸರ್ ಕಡೆಯ ದೋಷ. ಹತ್ತಿಪ್ಪತ್ತು ನಿಮಿಷ ನಡೆದು ಬಿದ್ದರೆ ಸಡಿಲ ಜೋಡಣೆಯೋ, ಧೂಳು ತುಂಬಿದ ಔಟ್‌ಡೋರ್ ಯೂನಿಟ್ಟೋ ಇರಬಹುದು.

ಎಂಸಿಬಿ ಬದಲು ಆರ್‌ಸಿಸಿಬಿ ಬಿದ್ದಿದ್ದರೆ ಕಥೆ ಬೇರೆ. ಹಳೆಯ ಮನೆಗಳಲ್ಲಿ ಇದನ್ನು ಇಎಲ್‌ಸಿಬಿ ಅನ್ನುತ್ತಾರೆ, ಟೆಸ್ಟ್ ಬಟನ್ ಇರುತ್ತದಲ್ಲ, ಅದೇ. ಅದು ಬಿದ್ದರೆ ಕರೆಂಟು ಎಲ್ಲೋ ಸೋರುತ್ತಿದೆ ಅಂತ ಅರ್ಥ. ಎಸಿಯ ಎಂಸಿಬಿ ಇಳಿಸಿ, ಆಮೇಲೆ ಆರ್‌ಸಿಸಿಬಿ ಎತ್ತಿ. ನಿಂತುಕೊಂಡರೆ ಸೋರಿಕೆ ಎಸಿಯ ಲೈನಿನಲ್ಲೇ ಇರುವ ಸಾಧ್ಯತೆ ಜಾಸ್ತಿ. ಎಸಿಯನ್ನು ಹಾಗೇ ಬಿಡಿ, ಉಳಿದ ಮನೆ ನಡೆಯಲಿ.

ಇಲ್ಲಿ ಒಂದು ಕೆಟ್ಟ ರೂಢಿಯ ಬಗ್ಗೆ ಹೇಳಲೇಬೇಕು. ಎಂಸಿಬಿ ಪದೇ ಪದೇ ಬೀಳುತ್ತದೆ ಅಂತ ಕೆಲವರು ಅದನ್ನು ತೆಗೆದು ದೊಡ್ಡದು ಹಾಕಿಸುತ್ತಾರೆ. 16 ಆಂಪಿಯರ್ ಇದ್ದ ಕಡೆ 32. ಅಲ್ಲಿಗೆ ಬೀಳುವುದು ನಿಲ್ಲುತ್ತದೆ, ನಿಜ. ಆದರೆ ಎಂಸಿಬಿ ಇರುವುದೇ ವೈರ್ ಕಾಯುವುದಕ್ಕೆ. ತೆಳು ವೈರ್ ಹಾಗೇ ಬಿಟ್ಟು ದೊಡ್ಡ ಎಂಸಿಬಿ ಹಾಕಿದರೆ, ಮುಂದಿನ ಸಲ ಎಂಸಿಬಿ ಬೀಳುವ ಮುಂಚೆ ಗೋಡೆಯೊಳಗೆ ವೈರ್ ಸುಡುತ್ತದೆ. ಹಳೆಯ, ಇನ್ವರ್ಟರ್ ಅಲ್ಲದ ಎಸಿಗಳು ಏಳುವಾಗ ಒಂದು ಕ್ಷಣ ಕರೆಂಟನ್ನು ಜೋರಾಗಿ ಎಳೆಯುತ್ತವೆ. ಅದಕ್ಕೆ ಬೇಕಾಗುವುದು 'ಸಿ ಕರ್ವ್' ಎಂಸಿಬಿ. ಲೈಟಿಗೆ ಹಾಕುವ 'ಬಿ ಕರ್ವ್' ಹಾಕಿದ್ದರೆ ಸುಮ್ನೆ ಬೀಳುತ್ತಿರುತ್ತದೆ. ಎಂಸಿಬಿ ಮೇಲೆ ಸಿ16, ಸಿ20 ಅಂತ ಬರೆದಿರುತ್ತದೆ, ನೋಡಿಕೊಳ್ಳಿ.

ಈಗ ಪ್ಲಗ್. ಎಂಸಿಬಿ ಇಳಿಸಿ, ಪ್ಲಗ್ ಕಿತ್ತು, ಅದರ ಪಿನ್ನುಗಳನ್ನು ನೋಡಿ. ಕಂದು ಬಣ್ಣಕ್ಕೆ ತಿರುಗಿದೆಯೇ? ಪ್ಲಾಸ್ಟಿಕ್ ಕರಗಿದೆಯೇ? ಸಾಕೆಟ್ ಸುತ್ತ ಕಪ್ಪಾಗಿದೆಯೇ? ಒಂದೂವರೆ ಟನ್ ಎಸಿ ಸುಮಾರು 1500 ವಾಟ್ ತೆಗೆದುಕೊಳ್ಳುತ್ತದೆ, ಅಂದರೆ ಆರೇಳು ಆಂಪಿಯರ್, ಅದೂ ರಾತ್ರಿಯಿಡೀ. ಇಸ್ತ್ರಿ ಪೆಟ್ಟಿಗೆಯ ಹಾಗೆ ಹತ್ತು ನಿಮಿಷದ ಕೆಲಸವಲ್ಲ. ಪಿನ್ನು ಸ್ವಲ್ಪ ಸಡಿಲವಿದ್ದರೂ ಅಲ್ಲಿ ಬಿಸಿಯಾಗುತ್ತದೆ, ಬಿಸಿಗೆ ಇನ್ನೂ ಸಡಿಲವಾಗುತ್ತದೆ, ಕೊನೆಗೆ ಸುಡುತ್ತದೆ. ನಮ್ಮ ಮನೆಯಲ್ಲಿ ಮೊದಲ ಸಲ ಎಸಿ ನಿಂತದ್ದು ಹೀಗೇ. ಪ್ಲಗ್ ಸಾಕೆಟ್‌ಗೆ ಅಂಟಿಕೊಂಡು ಬರಲೇ ಇಲ್ಲ! ಆವತ್ತೇ ಸಾಕೆಟ್ ತೆಗೆಸಿ, ಎಂಸಿಬಿ ಜೊತೆಗೇ ಬರುವ ಕಬ್ಬಿಣದ ಎಸಿ ಬಾಕ್ಸ್ ಹಾಕಿಸಿದೆ. ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ಎಸಿ ಹಾಕಿರುವವರಿದ್ದರೆ ದಯವಿಟ್ಟು ಇವತ್ತೇ ತೆಗೆಯಿರಿ.

ಪ್ಲಗ್ ಚೆನ್ನಾಗಿದೆ, ಆದರೆ ಸಾಕೆಟ್‌ಗೆ ಕರೆಂಟು ಬರುತ್ತಿದೆಯೋ ಇಲ್ಲವೋ? ಟೆಸ್ಟರ್ ಹತ್ತಿತು ಅಂತ ನಂಬಬೇಡಿ. ಟೆಸ್ಟರ್ ತೋರಿಸುವುದು ಫೇಸ್ ಮಾತ್ರ. ನ್ಯೂಟ್ರಲ್ ಕಡಿದಿದ್ದರೂ ಅದು ಹತ್ತುತ್ತದೆ. ಸುಟ್ಟ ಗುರುತು ಇಲ್ಲದಿದ್ದರೆ, ಕೂರುವಂತಿದ್ದರೆ, ಅದೇ ಸಾಕೆಟ್‌ಗೆ ಇಸ್ತ್ರಿ ಪೆಟ್ಟಿಗೆ ಹಾಕಿ ನೋಡಿ. ಸಣ್ಣ ಬಲ್ಬು ಸಡಿಲ ಲೈನಿನ ಮೇಲೂ ಉರಿದುಬಿಡುತ್ತದೆ. ಇಸ್ತ್ರಿ ಪೆಟ್ಟಿಗೆ ಹಾಗಲ್ಲ, ಅದಕ್ಕೆ ಜೋರಾಗಿ ಕರೆಂಟು ಬೇಕು. ಎರಡು ನಿಮಿಷದಲ್ಲಿ ಚೆನ್ನಾಗಿ ಕಾದರೆ ಲೈನು ಸರಿಯಿದೆ ಅಂತ ಮುಂದೆ ಹೋಗಿ.

ಸ್ಟೆಬಿಲೈಸರ್ ಬೇಕಂತಲೇ ತಡೆದಿರಬಹುದು

ಸ್ಟೆಬಿಲೈಸರ್‌ಗೆ ಕರೆಂಟು ಬಂದ ಕೂಡಲೇ ಅದು ಎಸಿಗೆ ಬಿಡುವುದಿಲ್ಲ. ಸುಮಾರು ಮೂರು ನಿಮಿಷ ಹಿಡಿದಿಟ್ಟು ಬಿಡುತ್ತದೆ. ಇದು ತೊಂದರೆಯಲ್ಲ, ಕಂಪ್ರೆಸರ್ ಉಳಿಸುವ ವ್ಯವಸ್ಥೆ. ಕಂಪ್ರೆಸರ್ ನಿಂತ ಮೇಲೆ ಒಳಗಿನ ಗ್ಯಾಸಿನ ಒತ್ತಡ ಎರಡೂ ಕಡೆ ಸಮವಾಗಲು ಆ ಹೊತ್ತು ಬೇಕು. ನಾವು ಕಾಯುವುದಿಲ್ಲ. ಒಂದು ನಿಮಿಷಕ್ಕೇ ಆಫ್ ಮಾಡಿ ಮತ್ತೆ ಆನ್ ಮಾಡುತ್ತೇವೆ, ಎಣಿಕೆ ಮತ್ತೆ ಮೊದಲಿಂದ ಶುರುವಾಗುತ್ತದೆ. ಹೀಗೆ ಅರ್ಧ ಗಂಟೆ "ಎಸಿ ಕೆಟ್ಟಿದೆ" ಅಂತ ಒದ್ದಾಡಿದವರನ್ನು ನೋಡಿದ್ದೇನೆ. ಗಡಿಯಾರ ನೋಡಿ ಐದು ನಿಮಿಷ ಕೈಕಟ್ಟಿ ಕೂತುಬಿಡಿ.

ಐದು ನಿಮಿಷವಾದರೂ ಇಲ್ಲ ಅಂದರೆ ಸ್ಟೆಬಿಲೈಸರ್ ಮೇಲಿನ ಅಂಕಿ ನೋಡಿ. ಇನ್‌ಪುಟ್ ತೀರಾ ಕಡಿಮೆ ಇದ್ದರೆ ಅದು ಬಿಡುವುದೇ ಇಲ್ಲ. ಬೇಸಿಗೆಯ ಸಂಜೆ ಏಳರಿಂದ ಹನ್ನೊಂದರವರೆಗೆ, ಇಡೀ ಓಣಿ ಎಸಿ ಹಾಕಿದಾಗ, ವೋಲ್ಟೇಜ್ ಕುಸಿಯುವುದನ್ನು ನೀವೇ ಕಾಣಬಹುದು. ಆಗ ಕಾಯಬೇಕು, ಬೇರೆ ದಾರಿಯಿಲ್ಲ. ಇನ್‌ಪುಟ್ 220 ಆಸುಪಾಸು ಇದ್ದು ಔಟ್‌ಪುಟ್ ಮಾತ್ರ ಸೊನ್ನೆ ತೋರಿಸಿದರೆ ಸ್ಟೆಬಿಲೈಸರ್ರೇ ಕೆಟ್ಟಿದೆ. ಅದರ ರಿಪೇರಿ ಎಸಿ ರಿಪೇರಿಗಿಂತ ಬಹಳ ಅಗ್ಗ. ಅದನ್ನು ದಾಟಿಸಿ ನೇರ ಎಸಿಗೆ ಕೊಟ್ಟು ನೋಡಬೇಕು ಅನ್ನಿಸಿದರೆ ಎಲೆಕ್ಟ್ರಿಷಿಯನ್ ಕೈಯಿಂದಲೇ ಮಾಡಿಸಿ.

ಈಗಿನ ಇನ್ವರ್ಟರ್ ಎಸಿಗಳ ಮೇಲೆ 'ಸ್ಟೆಬಿಲೈಸರ್ ಬೇಕಿಲ್ಲ' ಅಂತ ಬರೆದಿರುತ್ತಾರೆ. ಎಷ್ಟರಿಂದ ಎಷ್ಟು ವೋಲ್ಟ್‌ವರೆಗೆ ಬೇಕಿಲ್ಲ ಅನ್ನುವುದು ಪುಸ್ತಕದಲ್ಲಿ ಇರುತ್ತದೆ. ನಿಮ್ಮ ಮನೆಯ ವೋಲ್ಟೇಜ್ ಆ ಗಡಿ ದಾಟುತ್ತದೆಯೇ ಅನ್ನುವುದನ್ನು ನೀವೇ ನೋಡಿ ತೀರ್ಮಾನಿಸಬೇಕು. ಅಂಗಡಿಯವರ ಮಾತಿನ ಮೇಲೆ ಬಿಡಬೇಡಿ.

ರಿಮೋಟ್

ರಿಮೋಟ್ ಪರದೆಯ ಮೇಲೆ ಅಂಕಿ ಕಾಣುತ್ತದೆ, ಹಾಗಾಗಿ ಸೆಲ್ ಸರಿಯಿದೆ ಅಂದುಕೊಳ್ಳುತ್ತೇವೆ. ಆ ಪರದೆಗೆ ಬೇಕಾಗುವ ಶಕ್ತಿ ಬಹಳ ಕಡಿಮೆ. ಎಸಿಗೆ ಸಿಗ್ನಲ್ ಕಳಿಸಲು ಜಾಸ್ತಿ ಬೇಕು. ಎರಡೂ ಸೆಲ್ ಹೊಸದು ಹಾಕಿ, ಒಂದು ಹಳೆಯದು ಒಂದು ಹೊಸದು ಬೇಡ. ಆಮೇಲೂ ಅನುಮಾನವಿದ್ದರೆ ಮೊಬೈಲ್‌ನ ಸೆಲ್ಫಿ ಕ್ಯಾಮೆರಾ ತೆರೆದು, ರಿಮೋಟ್‌ನ ಮೂತಿ ಅದರ ಕಡೆ ಹಿಡಿದು ಬಟನ್ ಒತ್ತಿ. ಪರದೆಯಲ್ಲಿ ನೇರಳೆ ಬಿಳುಪಿನ ಬೆಳಕು ಮಿಣುಕಿದರೆ ರಿಮೋಟ್ ಕೆಲಸ ಮಾಡುತ್ತಿದೆ. ಹಿಂದಿನ ಕ್ಯಾಮೆರಾದಲ್ಲಿ ಇದು ಎಷ್ಟೋ ಸಲ ಕಾಣುವುದಿಲ್ಲ.

ಇನ್ನೊಂದು ದಾರಿ ಇನ್ನೂ ಸುಲಭ. ಒಳಗಿನ ಯೂನಿಟ್‌ನ ಮುಂದಿನ ಮುಚ್ಚಳ ಮೇಲೆತ್ತಿ. ಹೆಚ್ಚಾಗಿ ಬಲಗಡೆ ಒಂದು ಸಣ್ಣ ಬಟನ್ ಇರುತ್ತದೆ, 'ಆಟೋ' ಅಂತಲೋ 'ಎಮರ್ಜೆನ್ಸಿ' ಅಂತಲೋ ಬರೆದಿರುತ್ತದೆ. ಒಮ್ಮೆ ಒತ್ತಿ ಬಿಡಿ. ಒತ್ತಿ ಹಿಡಿಯಬೇಡಿ, ಕೆಲವು ಮಾಡೆಲ್‌ಗಳು ಟೆಸ್ಟ್ ಮೋಡ್‌ಗೆ ಹೋಗುತ್ತವೆ. ಅದರಿಂದ ಎಸಿ ಚಾಲೂ ಆದರೆ ತೊಂದರೆ ಬಹುಮಟ್ಟಿಗೆ ರಿಮೋಟ್‌ನದು. ಹೊಸ ರಿಮೋಟ್ ಬರುವವರೆಗೆ ಅದೇ ಬಟನ್ ಮೇಲೆ ರಾತ್ರಿ ದೂಡಬಹುದು.

ಮನೆಯಲ್ಲಿ ಮಕ್ಕಳಿದ್ದರೆ ರಿಮೋಟ್ ಮೇಲೆ ಬೀಗದ ಚಿಹ್ನೆ ಇದೆಯೇ, ಟೈಮರ್ ಹಾಕಿದೆಯೇ, ಮೋಡ್ ಬದಲಾಗಿದೆಯೇ ನೋಡಿ. ಫ್ಯಾನ್ ಮೋಡ್‌ನಲ್ಲಿ ಕಂಪ್ರೆಸರ್ ಏಳುವುದೇ ಇಲ್ಲ. ಕೂಲ್ ಮೋಡ್‌ನಲ್ಲೂ ಕೋಣೆಯ ಉಷ್ಣತೆಗಿಂತ ಕೆಳಗೆ ಇಟ್ಟರೆ ಮಾತ್ರ ಏಳುತ್ತದೆ. 2020ರ ಜನವರಿಯಿಂದ ಸ್ಟಾರ್ ಗುರುತಿನ ಎಸಿಗಳು 24 ಡಿಗ್ರಿಗೆ ಹೊಂದಿಸಿಯೇ ಬರುತ್ತವೆ. ಡಿಸೆಂಬರ್ ರಾತ್ರಿ ಕೋಣೆಯೇ 23 ಇದ್ದರೆ ಅದು ಏಕೆ ಎದ್ದೀತು?

ಇಷ್ಟೆಲ್ಲ ನೋಡಿಯೂ ಆಗದಿದ್ದರೆ ಎಂಸಿಬಿ ಇಳಿಸಿ ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ. ಕರೆಂಟು ಹೋಗಿ ಬರುವಾಗ ಬೋರ್ಡು ಗೊಂದಲಕ್ಕೆ ಬಿದ್ದಿದ್ದರೆ ಇಷ್ಟಕ್ಕೇ ಸರಿಹೋಗುತ್ತದೆ.

ಒಳಗೆ ಗಾಳಿ, ಹೊರಗೆ ಮೌನ

ಒಳಗಿನದು ಬೀಸುತ್ತಿದೆ, ಹೊರಗಿನ ಯೂನಿಟ್ ಸುಮ್ಮನಿದೆ. ಮೊದಲು ಐದು ನಿಮಿಷ ಕಾಯಿರಿ, ಎಸಿಯೊಳಗೂ ಸ್ಟೆಬಿಲೈಸರ್‌ನಂಥದೇ ತಡೆ ಇರುತ್ತದೆ. ಆಮೇಲೆ ಮಾಳಿಗೆಗೆ ಹೋಗಿ. ಕಿವಿಯೇ ಇಲ್ಲಿ ಮುಖ್ಯ.

ಹಳೆಯ ಮಾದರಿಯ ಎಸಿಯಲ್ಲಿ 'ಹೂಂ' ಅಂತ ಕೆಲವು ಸೆಕೆಂಡ್ ನರಳಿ, ಟಕ್ ಅಂತ ನಿಂತು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ನರಳಿದರೆ ಕೆಪಾಸಿಟರ್ ಹೋಗಿರುವ ಸಾಧ್ಯತೆ ಜಾಸ್ತಿ. ಕಂಪ್ರೆಸರ್‌ಗೆ ಏಳುವಾಗ ದೂಡು ಕೊಡುವುದು ಅದೇ. ನಮ್ಮ ಬಿಸಿಲಿಗೆ ಅದು ಸೊರಗುತ್ತಾ ಬರುತ್ತದೆ. ವೋಲ್ಟೇಜ್ ಕಡಿಮೆ ಇದ್ದಾಗಲೂ ಹೀಗೇ ನರಳುತ್ತದೆ, ಅದನ್ನು ಮೊದಲು ನೋಡಿಕೊಳ್ಳಿ. ಕೆಪಾಸಿಟರ್ ಕೆಲವು ನೂರು ರೂಪಾಯಿಯ ಸಾಮಾನು. ವಿಡಿಯೋ ನೋಡಿ ನಾನೇ ಹಾಕುತ್ತೇನೆ ಅನ್ನಿಸುತ್ತದೆ. ಬೇಡ. ಎಂಸಿಬಿ ಇಳಿಸಿದ ಮೇಲೂ ಅದರಲ್ಲಿ ಕರೆಂಟು ಉಳಿದಿರುತ್ತದೆ. ಇನ್ವರ್ಟರ್ ಎಸಿಯ ಹೊರಗಿನ ಬೋರ್ಡಿನಲ್ಲಂತೂ 300 ವೋಲ್ಟ್‌ಗೂ ಜಾಸ್ತಿ ಡಿಸಿ ಕೆಲವು ನಿಮಿಷ ಹಾಗೇ ಕೂತಿರುತ್ತದೆ. ಹೊರಗಿನ ಯೂನಿಟ್‌ನ ಸ್ಕ್ರೂ ಬಿಚ್ಚುವ ಕೆಲಸ ನಮ್ಮದಲ್ಲ.

ನಾವು ಮಾಡಬಹುದಾದದ್ದು ಹೊರಗಿನಿಂದ ನೋಡುವುದು. ಬೇವಿನ ಎಲೆ, ಧೂಳು, ಪಾರಿವಾಳದ ಗೂಡು ಕಟ್ಟಿಕೊಂಡು ಗಾಳಿ ಆಡದಿದ್ದರೆ, ಮಧ್ಯಾಹ್ನದ ಬಿಸಿಲಿಗೆ ಕಂಪ್ರೆಸರ್ ಕಾದು ತಾನೇ ನಿಂತುಬಿಡುತ್ತದೆ. ಮುಟ್ಟಲಾಗದಷ್ಟು ಬಿಸಿ ಇದ್ದರೆ ಎಂಸಿಬಿ ಇಳಿಸಿ ಮುಕ್ಕಾಲು ಗಂಟೆ ಬಿಡಿ. ಕಸ ತೆಗೆಯಿರಿ. ಎಂಸಿಬಿ ಇಳಿಸಿಯೇ, ಹಿಂಬದಿಯ ಜಾಲರಿಗೆ ಪೈಪಿನಿಂದ ಮೆಲ್ಲಗೆ ನೀರು ಬಿಡಬಹುದು. ವೈರ್ ಒಳಹೋಗುವ ಕಡೆ ನೀರು ಬೀಳಬಾರದು, ಜೋರು ಧಾರೆಯೂ ಬೇಡ, ತಗಡಿನಂಥ ಆ ಎಸಳುಗಳು ಮಡಚಿಕೊಳ್ಳುತ್ತವೆ. ಬಿಸಿಲು ತಾಗದಿರಲಿ ಅಂತ ಔಟ್‌ಡೋರ್ ಯೂನಿಟ್ ಸುತ್ತ ತಗಡಿನ ಗೂಡು ಕಟ್ಟಿಸುವವರಿದ್ದಾರೆ. ನೆರಳು ಒಳ್ಳೆಯದು, ಗೂಡು ಕೆಟ್ಟದ್ದು. ಯೂನಿಟ್ ತಾನು ಬಿಟ್ಟ ಬಿಸಿ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ.

ಎರಡು ಯೂನಿಟ್‌ಗಳ ನಡುವಿನ ವೈರನ್ನೂ ಕಣ್ಣಿನಿಂದ ಹಿಂಬಾಲಿಸಿ. ಅಳಿಲು, ಇಲಿ ಕಡಿದಿರುವುದು ಎಷ್ಟೋ ಸಲ ಹಾಗೇ ಕಾಣುತ್ತದೆ.

ಇನ್ನು ಹಲ್ಲಿ. ನಗಬೇಡಿ! ಎರಡು ವರ್ಷದ ಹಿಂದೆ ನಮ್ಮ ಎಸಿ ಒಂದು ಬೆಳಗ್ಗೆ ಸುಮ್ಮನಾಯಿತು. ಮೆಕ್ಯಾನಿಕ್ ಹೊರಗಿನ ಮುಚ್ಚಳ ತೆಗೆದ. ಬೋರ್ಡಿಗೆ ಅಡ್ಡಲಾಗಿ ಒಂದು ಹಲ್ಲಿ ಒಣಗಿ ಅಂಟಿಕೊಂಡಿತ್ತು. "ಬೆಚ್ಚಗಿರ್ತದಲ್ರೀ ಸರ, ಬಂದು ಮಲಗ್ತಾವ" ಅಂದ. ಬೋರ್ಡಿನ ಬಿಲ್ ನೋಡಿ ನನಗೆ ಎಸಿ ಇಲ್ಲದೆಯೇ ಮೈ ತಣ್ಣಗಾಯಿತು. ಆಮೇಲೆ ವೈರ್ ಹೋಗುವ ತೂತುಗಳನ್ನೆಲ್ಲ ಎಂಸೀಲ್ ಹಾಕಿ ಮುಚ್ಚಿಸಿದೆ. ಇರುವೆಗಳೂ ಇದೇ ದಾರಿಯಲ್ಲಿ ಬರುತ್ತವೆ.

ಮೆಕ್ಯಾನಿಕ್ ಬರುವಾಗ

ನಂಬರನ್ನು ವಾರಂಟಿ ಕಾರ್ಡಿನಿಂದ ಅಥವಾ ಕಂಪನಿಯ ಆ್ಯಪ್‌ನಿಂದಲೇ ತೆಗೆದುಕೊಳ್ಳಿ. ಇಂಟರ್ನೆಟ್‌ನಲ್ಲಿ ಹುಡುಕಿದಾಗ ಸಿಗುವ 'ಕಸ್ಟಮರ್ ಕೇರ್' ನಂಬರುಗಳಲ್ಲಿ ಮೋಸದವು ಇರುತ್ತವೆ. ಹಲವು ಕಂಪನಿಗಳು ಕಂಪ್ರೆಸರ್‌ಗೆ 10 ವರ್ಷ ವಾರಂಟಿ ಕೊಡುತ್ತವೆ, ಕೆಲವು ಬೋರ್ಡಿಗೂ ಬೇರೆ ವಾರಂಟಿ ಕೊಡುತ್ತವೆ. ಹೊರಗಿನವರ ಕೈಗೆ ಕೊಡುವ ಮುಂಚೆ ಬಿಲ್ ಹುಡುಕಿ ತಾರೀಕು ನೋಡಿಕೊಳ್ಳಿ.

ಫೋನಿನಲ್ಲೇ ನೀವು ನೋಡಿದ್ದನ್ನು ಹೇಳಿ: ಲೈಟ್ ಇದೆ, ಕೋಡ್ ಇದು, ವೋಲ್ಟೇಜ್ ಇಷ್ಟು, ಹೊರಗಿನದು ನರಳಿ ನಿಲ್ಲುತ್ತದೆ. ಬೇಕಾದ ಸಾಮಾನು ತಂದೇ ಬರುತ್ತಾರೆ, ಎರಡನೇ ಓಡಾಟ ಉಳಿಯುತ್ತದೆ.

ಬಂದವರು ಏನನ್ನೂ ಅಳೆಯದೆ "ಗ್ಯಾಸ್ ಖಾಲಿ" ಅಂದರೆ ತಕ್ಷಣ ಹೂಂ ಅನ್ನಬೇಡಿ. ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ, ಒಳಗೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ. ಸೋರಿದ ಜಾಗ ಹುಡುಕಿ ಮುಚ್ಚದೆ ತುಂಬಿಸಿದರೆ ಮುಂದಿನ ಬೇಸಿಗೆಗೆ ಮತ್ತೆ ಅದೇ ಬಿಲ್. ಗ್ಯಾಸ್ ಕಡಿಮೆಯಾದರೆ ಸಾಮಾನ್ಯವಾಗಿ ಎಸಿ ನಡೆಯುತ್ತಲೇ ತಂಪು ಕಮ್ಮಿ ಕೊಡುತ್ತದೆ. ಕೆಲವು ಇನ್ವರ್ಟರ್ ಎಸಿಗಳು ಮಾತ್ರ ಕೋಡ್ ತೋರಿಸಿ ನಿಲ್ಲುತ್ತವೆ. ಲೈಟೇ ಬಾರದ ಎಸಿಗೆ ಗ್ಯಾಸ್ ಕಾರಣ ಹೇಳಿದರೆ ಬೇರೆಯವರನ್ನು ಕರೆಯಿರಿ. ಈಗಿನ ಹೆಚ್ಚಿನ ಎಸಿಗಳಲ್ಲಿರುವ ಆರ್32 ಗ್ಯಾಸ್ ಬೆಂಕಿ ಹತ್ತುವಂಥದ್ದು. ಅದನ್ನು ಪೂರ್ತಿ ತೆಗೆಯದೆ ಪೈಪಿಗೆ ವೆಲ್ಡಿಂಗ್ ಹಿಡಿಯಲು ಯಾರಿಗೂ ಬಿಡಬೇಡಿ.

ಸಾಮಾನು ಬದಲಿಸಿದರೆ ಹಳೆಯದನ್ನು ಕೇಳಿ ಇಟ್ಟುಕೊಳ್ಳಿ. ರಿಪೇರಿ ಮುಗಿದ ಮೇಲೆ ಚಹಾ ಕೊಟ್ಟು ಇಪ್ಪತ್ತು ನಿಮಿಷ ಕೂರಿಸಿ. ಎಸಿ ಅಷ್ಟು ಹೊತ್ತು ನಿಲ್ಲದೆ ನಡೆದು, ಒಮ್ಮೆ ಆಫ್ ಮಾಡಿ ಐದು ನಿಮಿಷ ಬಿಟ್ಟು ಹಾಕಿದಾಗಲೂ ಎದ್ದರೆ, ಆಮೇಲೆ ದುಡ್ಡು ಕೊಡಿ.